ಜಗಲಿಯ ಕಾಫಿ ಮಿಶನ್

ನನ್ನ ಮದುವೆಯಾದ ವರ್ಷ ಮನೆಗೊಂದು ಕಾಫಿ ಮಿಶನ್ ಕೊಳ್ಳಬೇಕೆಂದು ಹೊರಟಾಗ, ಮೊದಲು ನರ್ಮದಾ ಚಿಕ್ಕಿಯನ್ನು ಕೇಳು ಎಂದಳು ಅಮ್ಮ. ಅಮ್ಮನ ತಂಗಿ ನರ್ಮದಾಳ ಮನೆ ಹಳದೀಪುರದಲ್ಲಿ, ಬಸ್ಸು ಓಡಾಡುವ ರಸ್ತೆಯ ಪಕ್ಕಕ್ಕೇ. ನಮ್ಮ ನೆಂಟರಿಷ್ಟರಲ್ಲಿ ಯಾರು ಬೀಜ ಬೀಸುವ ಮಿಶನ್ ತರುವುದಿದ್ದರೂ ಅವಳನ್ನು ಕೇಳಿಯೇ ತರುತ್ತಿದ್ದರು. ಹಲ್ಲು ಹೇಗಿರಬೇಕು, ಹಿಡಿಕೆ ಎಷ್ಟು ಉದ್ದ ಬೇಕು ಎಂಬ ಮಾತನ್ನೆಲ್ಲ ಅವಳು ಎತ್ತುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ತಂದು ಎಲ್ಲಿ ಇಡ್ತೆ ಅದ್ನ?"

ಜಗಲಿಯ ಮೇಲೆ ಎಂದವರಿಗೆ, ಹಾಗಾದರೆ ತರಲೇಬೇಡ ಎನ್ನುತ್ತಿದ್ದಳು. ಕಾಫಿಯನ್ನೇ ಕುಡಿಯದವಳು ಮಿಶನ್ನಿನ ಬುದ್ಧಿ ಹೇಳುತ್ತಾಳೆಂದು ಜನ ಬೆನ್ನ ಹಿಂದೆ ನಗುತ್ತಿದ್ದರು. ನಾನೂ ನಕ್ಕವಳೇ. ಆ ದಿನ ಅವಳು ನನ್ನನ್ನು ಬಾವಿಕಟ್ಟೆಯ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದ ಮೇಲೆ ನಗು ನಿಂತಿತು. ಅವಳ ಅತ್ತೆ ಸುಬ್ಬಲಕ್ಷ್ಮಿ ಧನುರ್ವಾಯುವಾಗಿ ತೀರಿಕೊಂಡರೆಂದೇ ಊರು ನಂಬಿದೆ. ಕಾಲಿಗೆ ತುಕ್ಕು ಹಿಡಿದ ಮೊಳೆ ಚುಚ್ಚಿತ್ತಂತೆ ಎಂದು ಇಲ್ಲದ ಮೊಳೆಯೊಂದನ್ನೂ ಊರೇ ಹುಟ್ಟಿಸಿಕೊಂಡಿದೆ. ಈಗ ನಿಜ ಹೇಳಿದರೆ ನೋಯುವವರು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಐವತ್ತೊಂಬತ್ತನೇ ಇಸವಿಯಲ್ಲಿ ಚಿಕ್ಕಿ ಗಂಡನ ಜೊತೆ ಹೊನ್ನಾವರದ ಅಂಗಡಿಗೆ ಹೋದಳು. ಅಲ್ಲಿ ಎರಡು ಮಿಶನ್ ಇದ್ದವು. ಒಂದು ತೊಡೆಯ ಮೇಲಿಟ್ಟು ತಿರುಗಿಸುವ ಮರದ ಪೆಟ್ಟಿಗೆ, ಪುಡಿ ಬೀಳಲು ಅದರ ಹೊಟ್ಟೆಯಲ್ಲೇ ಪುಟ್ಟ ಡ್ರಾವರು. ಇನ್ನೊಂದು ಎರಕದ ಕಬ್ಬಿಣದ್ದು, ಪಕ್ಕದಲ್ಲಿ ದೊಡ್ಡ ಚಕ್ರ, ಬಾಯಿಯ ಕೆಳಗೆ ತಗಡಿನ ಡಬ್ಬಿ. ಬೆಂಚಿಗೆ ಬೋಲ್ಟು ಹಾಕಿ ಬಿಗಿದರೆ ಮತ್ತೆ ಅಲುಗುವಂಥದ್ದಲ್ಲ.

"ಈ ಸಣ್ಣದೇ ಸಾಕು. ಒಳಗೆ ಕಪಾಟಲ್ಲಿ ಇಡ್ಲಕ್ಕು," ಎಂದಳು ಚಿಕ್ಕಿ.

"ಅದು ಮಕ್ಕಳ ಆಟದ ಸಾಮಾನು," ಎಂದರು ಅವಳ ಗಂಡ, ನನ್ನ ಚಿಕ್ಕಪ್ಪ ಹರಿಹರ ಭಟ್ಟರು. "ಇದ್ನ ನೋಡು, ಕಲ್ಲು ಹಾಕಿದ್ರೂ ಪುಡಿ ಮಾಡ್ತು."

ನಮ್ಮ ಚಿಕ್ಕಪ್ಪನಿಗೆ ಕಾಫಿಯ ರುಚಿಗಿಂತ, ಬಸ್ಸಿನಲ್ಲಿ ಕೂತವರು ಕತ್ತು ಹೊರಳಿಸಿ ನೋಡುವುದೇ ಹೆಚ್ಚು ರುಚಿ. ದೊಡ್ಡದೇ ಮನೆಗೆ ಬಂತು. ಅದನ್ನು ಕಂಡ ಸುಬ್ಬಲಕ್ಷ್ಮಿ ನಡುಮನೆಯ ಬಾಗಿಲಲ್ಲೇ ನಿಂತು ಕೈ ಅಡ್ಡ ಹಿಡಿದರು. ಅವರು ಗಂಡ ತೀರಿಕೊಂಡ ಮೇಲೆ ಮಡಿಯಲ್ಲೇ ಬದುಕಿದವರು.

"ಆ ಹಲ್ಲಿಗೆ ಎಂತ ಕೊಬ್ಬು ಸವರಿದ್ವೋ ಯಾರಿಗೆ ಗೊತ್ತಿದ್ದು. ಅದು ನನ್ನ ಹೊಸಿಲು ದಾಟ್ಲಾಗ. ಅದ್ರಲ್ಲಿ ಬೀಸಿದ್ದು ನನ್ನ ಬಾಯಿಗೂ ಬೇಡ."

ಚಿಕ್ಕಪ್ಪನಿಗೆ ಬೇಕಾದದ್ದೂ ಅದೇ. ಮಿಶನ್ ಜಗಲಿಯ ಬೆಂಚಿನಲ್ಲಿ ಬೇರೂರಿತು. ನಮ್ಮಮ್ಮನ ಮಾತೆಂದರೆ ಮಾತು ಎಂದು ಹೋದಲ್ಲೆಲ್ಲ ಹೇಳಿಕೊಂಡು ಬಂದರು. ಪಾಪ, ಆ ಮುದುಕಿಗೆ ಕಾಫಿಯೆಂದರೆ ಪ್ರಾಣ. ಒರಳಲ್ಲಿ ಕುಟ್ಟಿದ ಪುಡಿಗೆ ಬೆಲ್ಲ ಹಾಕಿ, ಹಾಲಿಲ್ಲದೆ, ಕಪ್ಪಗೆ ಕುದಿಸಿ ಕುಡಿಯುತ್ತಿದ್ದವರು. ಮಿಶನ್ ಬಂದ ಮೇಲೆ ಮನೆಯಲ್ಲಿ ಕಾಫಿ ಕುಟ್ಟುವುದು ನಿಂತಿತು. ಊರಿಗೆಲ್ಲ ಹಬ್ಬಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಅವರು ಕೊತ್ತಂಬರಿ ಕಷಾಯ ಕುಡಿಯುತ್ತಾ ಮುಖ ಗಂಟು ಹಾಕಿಕೊಂಡು ಕೂತರು.

ಆಮೇಲೆ ಚಿಕ್ಕಿಗೆ ಒಂದು ಸಂಗತಿ ಗಮನಕ್ಕೆ ಬಂತು. ಬೀಸಿದ ಮೇಲೆ ತಗಡಿನ ಡಬ್ಬಿಯ ತಳದಲ್ಲಿ ಉಳಿಯುತ್ತಿದ್ದ ಪುಡಿ ಸಂಜೆಯೊಳಗೆ ಮಾಯವಾಗುತ್ತಿತ್ತು. ಒಂದು ಮಧ್ಯಾಹ್ನ ಗಂಡಸರು ಮಲಗಿದ ಹೊತ್ತಿನಲ್ಲಿ ಅವಳು ಕಂಡಳು. ಅತ್ತೆ ಸದ್ದಿಲ್ಲದೆ ಜಗಲಿಗೆ ಬಂದು, ಪುಡಿಯನ್ನು ಬಾಳೆಲೆಯ ಚೂರಿಗೆ ಸುರಿದುಕೊಂಡು ಹಿತ್ತಲ ಒಲೆಯ ಕಡೆ ಹೋಗುತ್ತಿದ್ದರು. ಚಿಕ್ಕಿ ಹಾಗೇ ಒಳಗೆ ಸರಿದಳು. ಮಾರನೆಯ ದಿನದಿಂದ ಒಂದು ಹಿಡಿ ಬೀಜ ಹೆಚ್ಚು ಬೀಸಿ ಡಬ್ಬಿಯಲ್ಲೇ ಬಿಡತೊಡಗಿದಳು. ಆ ಬಗ್ಗೆ ಅವರಿಬ್ಬರೂ ಒಂದು ಮಾತೂ ಆಡಿಕೊಳ್ಳಲಿಲ್ಲ. ಸೊಸೆಯಾಗಿ ಬಂದಾಗಿನಿಂದ ಅತ್ತೆಯ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ ಎಂದಳು ಚಿಕ್ಕಿ.

ಆದರೆ ಜಗಲಿಯ ಸಾಮಾನು ಎಲ್ಲರ ಸಾಮಾನು. ಬಂದವರೆಲ್ಲ ಚಕ್ರ ತಿರುಗಿಸುವವರೇ. ಒಬ್ಬರು ಒಣಶುಂಠಿ ತಂದರು, ಇನ್ನೊಬ್ಬರು ಕಾಳುಮೆಣಸು. ಕೊಡುವುದರಲ್ಲಿ ಚಿಕ್ಕಪ್ಪ ಮಹಾ ಉದಾರಿ. ಚಕ್ರದ ಕರಕರ ಸದ್ದು ಒಳಗೆ ಕೇಳಿದಾಗೆಲ್ಲ ಚಿಕ್ಕಿ ಕೈಯ ಕೆಲಸ ಬಿಟ್ಟು ಬಂದು ಬಾಗಿಲಿನಿಂದ ಇಣುಕುತ್ತಿದ್ದಳು.

"ಅದ್ಕೊಂದು ಮುಚ್ಚಳ ಮಾಡ್ಸಿ, ಕೀಲಿ ಹಾಕ್ಸಿ," ಎಂದು ಬೇಡಿಕೊಂಡಳು. "ಯಾರು ಎಂತ ಬೀಸ್ತ ಹೇಳಿ ಗೊತ್ತಾಗ್ತಿಲ್ಲೆ."

"ಕುಡಿಯವ್ರು ನಾವೇ ಅಲ್ದಾ? ನೋಡಿ ಕುಡದ್ರಾತು," ಎಂದು ಅವರು ನಕ್ಕರು.

ನಾವಲ್ಲದೆ ಇನ್ನೊಬ್ಬರು ಕುಡಿಯುತ್ತಾರೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಆ ಮುದುಕಿಯ ಮಾನ ಅದೇ ಸಂಜೆ ಬಸ್ಸು ಹತ್ತಿ ಹೊನ್ನಾವರ ಮುಟ್ಟುತ್ತಿತ್ತು. ಚಿಕ್ಕಪ್ಪನ ಬಾಯಿ ಅಂಥದ್ದು.

ಅರವತ್ತೊಂದರ ಬೇಸಿಗೆಯಲ್ಲಿ ಅಣ್ಣನ ಮಗನ ಮುಂಜಿಗೆಂದು ಚಿಕ್ಕಿ ಕುಮಟೆಯ ತವರಿಗೆ ಹೋದಳು. ಹೊರಡುವಾಗ ಡಬ್ಬಿಯಲ್ಲಿ ಒಂದಿಷ್ಟು ಪುಡಿ ಬಿಟ್ಟೇ ಹೋದಳು. ಮುಂಜಿ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹಳದೀಪುರದಲ್ಲಿ ಇಳಿದಾಗ, ಅವರ ತೆಂಗಿನ ತೋಟದ ಕೆಲಸ ನೋಡುವ ಜಟ್ಟಿ ಬೇಲಿಯ ಹತ್ತಿರ ನಿಂತಿದ್ದ. ತೋಟದಲ್ಲಿ ಇಲಿಗಳ ಕಾಟ ವಿಪರೀತವಾಗಿತ್ತು.

"ಇನ್ನು ಇಲಿ ಉಳೂದಿಲ್ಲ ಅಮ್ಮ," ಎಂದ. "ಕಾಸರಕನ ಬೀಜದ ವಿಷ ಇಟ್ಟಾಯ್ತು. ನಾ ಹೊರಗಿನ ಕಲ್ಲಲ್ಲೇ ಜಜ್ತೆ ಅಂದೆ. ಭಟ್ರು ಕೇಳ್ಬೇಕಲ್ಲ. ನಮ್ಮ ಮಿಶನ್ನು ಎಂತಕ್ಕೆ ಉಂಟು ಅಂದ್ರು. ನಿನ್ನೆ ಸಂಜೆ ಡಬ್ಬಿಯ ಕಾಫಿ ಪುಡಿ ತೆಗೆದಿಟ್ಟು ತಾವೇ ತಿರುಗ್ಸಿ ಕೊಟ್ರು."

ಚಿಕ್ಕಿಯ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

"ಆಮೇಲೆ ಅದ್ನ ತೊಳದ್ರಾ?"

"ತೊಳೆದ್ರೆ ತುಕ್ಕು ಹಿಡೀತದಂತೆ. ಒಂದು ಹಿಡಿ ಕಾಫಿ ಬೀಜ ಹಾಕಿ ಬೀಸಿ ಹಲ್ಲು ಚೊಕ್ಕ ಮಾಡಿದ್ರು. ಆ ಪುಡಿ ಡಬ್ಬಿಯಲ್ಲೇ ಇರ್ಲಿ, ಮುಟ್ಟುವವರು ಯಾರೂ ಇಲ್ಲ, ಬೆಳಿಗ್ಗೆ ಚೆಲ್ತೆ ಅಂದ್ರು. ಬೆಳಿಗ್ಗೆ ಹೊನ್ನಾವರಕ್ಕೆ ಹೋದವರು ಇನ್ನೂ ಬರ್ಲಿಲ್ಲ."

ಚಿಕ್ಕಿ ಓಡಿದಳು. ಘನತೆಯ ಮನೆಯ ಹೆಂಗಸು ಹೆದ್ದಾರಿಯಲ್ಲಿ ಸೀರೆ ಎತ್ತಿಕೊಂಡು ಓಡಿದ್ದನ್ನು ಊರು ಬಹಳ ಕಾಲ ಆಡಿಕೊಂಡಿತು. ಜಗಲಿ ಹತ್ತಿ ಮೊದಲು ಡಬ್ಬಿ ನೋಡಿದಳು. ಅದು ಖಾಲಿಯಾಗಿತ್ತು.

ಹಿತ್ತಲ ಒಲೆಯ ಮುಂದೆ ಸುಬ್ಬಲಕ್ಷ್ಮಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಬರಿದಾದ ಲೋಟ ಇತ್ತು. ಅವರ ಕಾಲುಗಳು ಸೆಟೆದು ನಡುಗುತ್ತಿದ್ದವು, ಕತ್ತು ಹಿಂದಕ್ಕೆ ಬಾಗುತ್ತಿತ್ತು. ಬೆನ್ನಿಗೇ ಓಡಿಬಂದ ಜಟ್ಟಿಯನ್ನು ಚಿಕ್ಕಿ ವಾಹನ ಹುಡುಕಲು ಅಟ್ಟಿದಳು. ಬಸ್ಸಿನ ಮೈಲಿಗೆಯಲ್ಲೇ ಅತ್ತೆಯನ್ನು ತಬ್ಬಿ ಹಿಡಿದಳು. ಇಷ್ಟು ವರ್ಷಗಳಲ್ಲಿ ಅವರ ಮೈ ಮುಟ್ಟಿದ್ದು ಅದೇ ಮೊದಲು. ಉಪ್ಪುನೀರು ಕುಡಿಸಲು ನೋಡಿದಳು. ಕಚ್ಚಿಹಿಡಿದ ಹಲ್ಲಿನ ಒಳಗೆ ಅದು ಇಳಿಯಲಿಲ್ಲ.

ಸೆಳೆತ ಒಮ್ಮೆ ಬಿಟ್ಟಿತು. ಸುಬ್ಬಲಕ್ಷ್ಮಿ ಕಣ್ಣು ತೆರೆದು, ಸೊಸೆಯ ಗುರುತು ಹಿಡಿದರು. ಮೈಲಿಗೆಯಾಯಿತೆಂದು ಬೈಯಲಿಲ್ಲ. ಅಷ್ಟು ದಿನ ಇಬ್ಬರೂ ಆಡದೆ ಬಿಟ್ಟಿದ್ದ ಮಾತನ್ನು ಅವರೇ ಆಡಿದರು.

"ಅವ ಮನೇಲಿ ಇದ್ದಿದ್ದ, ಜಗಲಿಗೆ ಬಪ್ಪಲಾಗಿತ್ತಿಲ್ಲೆ. ಇವತ್ತು ತಗಂಡೆ. ಹೋಪಾಗ ನನಗಾಗೇ ಇಟ್ಟಿಕ್ಕಿ ಹೋಗಿದ್ದೆ ಅಲ್ದಾ ಕೂಸೇ. ರಾಶಿ ಕಹಿ ಇತ್ತು. ನೀ ಇಟ್ಟಿದ್ದು ಹೇಳಿ ಪೂರಾ ಕುಡದೆ."

ಮುಂದಿನ ಸೆಳೆತ ಬರುವ ಮೊದಲು ಚಿಕ್ಕಿ ಅವರ ಕಿವಿಯ ಹತ್ತಿರ ಬಾಗಿದಳು.

"ಹೌದು ಅತ್ತೆ," ಎಂದಳು. "ನಾನೇ ಇಟ್ಟಿದ್ದು."