ಗೇಟಿನ ಬಸ್ತಿಯಾನರ ಅರ್ಧ ಪ್ರಾರ್ಥನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಲಿಕಲ್ ಘಾಟಿಯ ನೆತ್ತಿಯಲ್ಲಿ, ರಸ್ತೆಗೆ ಅಡ್ಡಲಾಗಿ ಇಳಿಬಿಟ್ಟ ಮರದ ಗಳುವಿನ ಪಕ್ಕ ಬಸ್ತಿಯಾನ್ ಲೋಬೊ ಕಂಬಳಿ ಹೊದ್ದು ನಿಂತಿದ್ದಾರೆ. ಕೆಳಗಿನಿಂದ ಉಪ್ಪಿನ ಲಾರಿಗಳು ಏದುಸಿರು ಬಿಡುತ್ತ ಹತ್ತುತ್ತಿವೆ. ಇತ್ತ ಅಕ್ಕಿ ಲಾರಿಯ ಚಾಲಕನಿಗೆ ಅವಸರ. "ಪೊರ್ಬುಗಳೇ, ಬಿಡಿ ಮಾರಾಯ್ರೆ, ಹೊತ್ತಾಯ್ತು!" ಜಪ್ಪಯ್ಯ ಅಂದರೂ ಬಸ್ತಿಯಾನ್ ಕದಲುವುದಿಲ್ಲ. ಕೆಂಪು ಬಾವುಟ ಕಟ್ಟಿದ ಕೊನೆಯ ಲಾರಿ ಮೇಲೆ ಬಂದ ಮೇಲೆಯೇ ಗಳು ಏಳುತ್ತದೆ. ಈ ಇಕ್ಕಟ್ಟಿನ ತಿರುವುಗಳಲ್ಲಿ ಎರಡು ಲಾರಿ ಎದುರುಬದುರಾದರೆ ದೇವರೇ ಗತಿ.

ಈ ರಸ್ತೆ ಕಡಿಯುವಾಗ ಜಲ್ಲಿ ಒಡೆಯಲು ಬಂದ ಕ್ರೈಸ್ತ ಕುಟುಂಬಗಳಲ್ಲಿ ಇವರದೂ ಒಂದು; ಕ್ರೈಸ್ತರಾದ್ದರಿಂದಲೇ ಇಲ್ಲಿ ಎಲ್ಲರಿಗೂ 'ಪೊರ್ಬುಗಳು'. ಕೆಲಸ ಮುಗಿದದ್ದೇ ಉಳಿದವರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನ ಕಡೆ ಗಂಟುಮೂಟೆ ಕಟ್ಟಿದರು. ಇಲಾಖೆ ಇವರನ್ನು ಗೇಟಿಗೆ ಇಟ್ಟುಕೊಂಡಿತು. ಹೋದ ವರ್ಷದ ಮಳೆಗಾಲದಲ್ಲಿ ಹೆಂಡತಿ ಸೆರಪಿನಾ ಜ್ವರದಲ್ಲಿ ತೀರಿಕೊಂಡರು. ಈಗ ಒಂಟಿ ಜೀವ. ತೀರ್ಥಹಳ್ಳಿಯ ಇಗರ್ಜಿಗೆ, ಭಾನುವಾರದ ಪೂಜೆಗೆ ಹೋಗಬೇಕೆಂದರೆ ಬದಲಿ ಆಳು ಸಿಗಬೇಕು. "ಲಾರಿಗೆ ಆದಿತ್ಯವಾರ ಅಂತ ಉಂಟಾ?" ಎಂದು ನಗುತ್ತಾರೆ. ಅವರನ್ನು ಮಾತಾಡಿಸಲು ಬಂದಿದ್ದ ನನಗೆ ನಗು ಬರಲಿಲ್ಲ.

ಸಂಜೆ ಗೇಟಿನ ಗುಡಿಸಲಲ್ಲಿ ಮೇರಿ ಮಾತೆಯ ಪಟದ ಮುಂದೆ ಮೊಣಕಾಲೂರುತ್ತಾರೆ. ಇವರ ಪ್ರಾರ್ಥನೆಯಲ್ಲಿ ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧ ಮನೆಮಂದಿ ಹೇಳಬೇಕು. ಹೀಗೆ ಹತ್ತು ಸಲ ಆದರೆ ಒಂದು ಸುತ್ತು. ಬಸ್ತಿಯಾನ್ ತಮ್ಮ ಅರ್ಧ ಹೇಳಿ ಸುಮ್ಮನಾಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಮ್ಮ ಅರ್ಧ ಶುರು. ಜಪಸರವೂ ಇಲ್ಲ, ಬೆರಳಲ್ಲೇ ಎಣಿಕೆ. ಸರವನ್ನು ಹೆಂಡತಿಯ ಕೈಗೆ ಸುತ್ತಿಯೇ ಮಣ್ಣು ಮಾಡಿದ್ದಾರೆ.

ಪಕ್ಕದ ಚಾ ಅಂಗಡಿಯ ಗುತ್ಯಮ್ಮ ಬಾಯಿಗೆ ಸೆರಗು ಹಿಡಿಯುತ್ತಾರೆ. "ಮೊದ್ಲು ನಾನು, ಪೊರ್ಬುಗಳಿಗೆ ಮರೆವು ಬಂತೇನೋ, ಮಧ್ಯ ಮಧ್ಯ ನಿಲ್ಲಿಸ್ತಾರಲ್ಲ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅದು ಹೆಂಡತಿ ಪಾಲಿಗೆ ಬಿಟ್ಟ ಜಾಗ ಅಂತ."

ಪೂರ್ತಿ ನೀವೇ ಹೇಳಬಾರದೇ ಎಂದು ಬಸ್ತಿಯಾನರನ್ನು ಕೇಳಿದೆ.

"ಹೇಳ್ಬಹುದು, ಪಾದ್ರಿಗಳೂ ಅದನ್ನೇ ಅಂದ್ರು. ಅವಳ ಪಾಲು ನನ್ನ ಬಾಯಲ್ಲಿ ಬರಲ್ಲ. ಅದ್ರಲ್ಲಿ ಎಂತ ಉಂಟು ಗೊತ್ತಾ? ಸಾಯೋ ಹೊತ್ತಲ್ಲೂ ನಮಗಾಗಿ ಬೇಡ್ಕೊ ತಾಯಿ ಅಂತ. ನಾನು ಸಾಯೋ ಹೊತ್ತಿಗೆ ಅದನ್ನ ಹೇಳೋರು ಯಾರು? ಅದೊಂದೇ ಹೆದರಿಕೆ ನಂಗೆ."

ಮಗನಿದ್ದಾನೆ, ಜೋಕಿಂ. ಭದ್ರಾವತಿಯಲ್ಲಿ ಫಿಟ್ಟರ್. ಅವನಿಗೆ ದೇವರು, ಇಗರ್ಜಿ ಯಾವುದೂ ಬೇಡ. "ಜೋಗದಿಂದ ಕರೆಂಟು ತಂದದ್ದು ಇಂಜಿನಿಯರು, ನಿಮ್ಮ ಪಾದ್ರಿ ಅಲ್ಲ ಅಂತಾನೆ. ಸುಳ್ಳಲ್ಲವಲ್ಲ, ನಾನೆಂತ ಹೇಳ್ಲಿ?" ಊರಿಗೆ ಬಂದರೂ ಪ್ರಾರ್ಥನೆ ಹೊತ್ತಿಗೆ ಹೊರಗೆ ಹೋಗಿ ಬೀಡಿ ಹಚ್ಚುತ್ತಾನೆ. ಅಪ್ಪ ಜಗಳಕ್ಕೆ ಹೋಗುವುದಿಲ್ಲ. ಹೋಗಬೇಕಿತ್ತು ಎಂದು ನನಗನ್ನಿಸಿತು.

ಅಷ್ಟರಲ್ಲಿ ಅವರೇ ಹತ್ತಿರ ಸರಿದು ಕೂತರು. ಕಣ್ಣಲ್ಲಿ ಏನೋ ಹುಡುಗಾಟ.

"ಕಳೆದ ಪಾಸ್ಖ ಹಬ್ಬಕ್ಕೆ, ಅದೇ ಈಸ್ಟರಿಗೆ, ಬಂದಿದ್ದ. ದಿನವಿಡೀ ಗೇಟು ಕಾದು ನಂಗೆ ಸುಸ್ತು, ಬೆರಳೆಣಿಕೆ ತಪ್ಪೋಯ್ತು. ಹತ್ತು ಆಯ್ತು ಅಂತ ಮುಂದಿನ ಪ್ರಾರ್ಥನೆಗೆ ಬಾಯಿ ತೆಗ್ದೆ ನೋಡಿ, ಹೊರಗಿಂದ ಗಟ್ಟಿಯಾಗಿ ಹೇಳ್ದ: 'ಬಾಬಾ, ಒಂಬತ್ತೇ ಆಯ್ತು. ಇನ್ನೊಂದು ಉಂಟು!'"

ಬಸ್ತಿಯಾನ್ ತೊಡೆ ತಟ್ಟಿಕೊಂಡು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

"ಬೇಡ ಅನ್ನೋನು ಹೊರಗೆ ಕೂತು ಎಣಿಸ್ತಾನಾ, ನೀವೇ ಹೇಳಿ! ಕ್ರಿಸ್ಮಸ್ಸಿಗೆ ಬರ್ತಾನಂತೆ. ಈ ಸಲ ಬೇಕಂತ್ಲೇ ಒಂದು ಬಿಟ್ಟುಬಿಡ್ತೀನಿ. ಪಾಪ ಆದ್ರೆ ಆಗ್ಲಿ, ಪಾದ್ರಿಗಳ ಹತ್ರ ಹೇಳ್ಕೊಳ್ತೀನಿ."