ಬಾಲವಾಡಿಗೆ ಹೊರಟ ಅತ್ತೆ

ಮನೆಯಲ್ಲೇ ಇರುವವಳಿಗೆ ಬಾಲವಾಡಿ ಯಾಕೆ ಎಂದು ಈಗಲೂ ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಯಲ್ಲೇ ಇರುವವಳಿಗೇ ಅಲ್ಲವೇ ಬೇಕಾದದ್ದು! ಅಂಗಡಿಗೆ ಹೋದ ಗಂಡಸು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬರುತ್ತಾನೆ. ನಾನು ಯಾವ ಬಾಗಿಲು ಹಾಕಿಕೊಳ್ಳಲಿ?

ಎಪ್ಪತ್ತರ ದಶಕದ ಕೊನೆಯ ಮಾತು. ಹೊನ್ನಾಳಿ ಪೇಟೆಯಲ್ಲಿ ನಮ್ಮವರದು ಕಿರಾಣಿ ಅಂಗಡಿ. ಮನೆಯಲ್ಲಿ ನಾನು, ಅತ್ತೆ, ಮೂರು ತುಂಬದ ಮಗಳು. ಮಗಳೋ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಅತ್ತೆಗೆ ಮಂಡಿನೋವು, ಕೂತರೆ ಏಳಲು ಗೋಡೆ ಹಿಡಿಯಬೇಕು. ಮಗಳ ಹಿಂದೆ ಓಡುವವಳು ನಾನೊಬ್ಬಳೇ, ಅದೂ ಮತ್ತೆ ಬಸುರಿ.

ನಮ್ಮಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ತುತ್ತು ಇಡುವಂತಿಲ್ಲ. ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟು, ವಿಭೂತಿ ಧರಿಸಿ, ಪತ್ರೆ ಏರಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರಬೇಕು. ಆ ಸ್ವಲ್ಪ ಹೊತ್ತೇ ನನಗೆ ಸಿಗುತ್ತಿರಲಿಲ್ಲ. ನಸುಕಿನಲ್ಲೇ ಮುಗಿಸೋಣವೆಂದರೆ, ನಾನು ಪಕ್ಕದಿಂದ ಎದ್ದ ಕೂಡಲೇ ಮಗಳೂ ಏಳುವಳು. ಕೂತರೆ ಬೆನ್ನೇರುವಳು, ನೀರಿನ ಬಟ್ಟಲು ಚೆಲ್ಲುವಳು. ಮಧ್ಯಾಹ್ನ ಅವಳು ಮಲಗುವವರೆಗೆ ನನ್ನದು ಖಾಲಿ ಹೊಟ್ಟೆ. ಒಳಗಿನ ಕೂಸಿಗೂ ಉಪವಾಸ. ಕಣ್ಣು ಕತ್ತಲೆ ಬರುತ್ತಿತ್ತು, ಆದರೂ ಅತ್ತೆಗೆ ಹೇಳಲು ಅಂಜಿಕೆ.

ಒಂದು ದಿನ ಹಟದಿಂದ ಕೂತೆ. ಕಣ್ಣು ಮುಚ್ಚಿದ್ದೇ ತಡ, ಅಂಗೈ ಹಗುರಾಯಿತು. ನೋಡಿದರೆ ಲಿಂಗವಿಲ್ಲ, ಮಗಳೂ ಇಲ್ಲ! ಹಿಡಿದು ಕೇಳಿದರೆ ಖಾಲಿ ಕೈ ತೋರಿಸಿ ನಗುತ್ತಾಳೆ, ಕಿಲಾಡಿ ಮುಂಡೇದು. ಬಚ್ಚಲು, ಒಲೆಬೂದಿ, ಹಾಸಿಗೆ ಎಲ್ಲ ಜಾಲಾಡಿದೆ. ಲಿಂಗ ಸಿಗುವವರೆಗೆ ಹನಿ ನೀರೂ ಮುಟ್ಟುವಂತಿಲ್ಲ. ಸಂಜೆ ಮಗಳು ಮಂಡಕ್ಕಿಗೆ ಅತ್ತಾಗ ಅತ್ತೆ ಡಬ್ಬಿಗೆ ಕೈ ಹಾಕಿದರು, ಮಂಡಕ್ಕಿಯೊಳಗೆ ಲಿಂಗ.

ಇನ್ನು ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದೆ. ಅತ್ತೆ ಲಿಂಗ ತೊಳೆದು ನನ್ನ ಕೈಯಲ್ಲಿಟ್ಟು, "ದಿನಾ ಎಷ್ಟೊತ್ತಿಗೆ ಉಣ್ತೀಯವ್ವಾ?" ಎಂದರು. ಇದ್ದದ್ದು ಹೇಳಿದೆ. ಕೇಳಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಮೊಮ್ಮಗಳ ತಲೆ ಬಾಚಿ, ಕೈ ಹಿಡಿದು ಬಾಲವಾಡಿಗೆ ಹೊರಟೇಬಿಟ್ಟರು. ಎದುರು ಮನೆಯಾಕೆ ಸುಮ್ಮನಿರುತ್ತಾಳೆಯೇ?

"ಏನ್ರೀ, ಮನೇಲಿ ಇಬ್ಬರು ಹೆಂಗಸ್ರಿದ್ದು ಒಂದು ಕೂಸು ನೋಡ್ಕಳಾಕೆ ಆಗಲ್ವಾ? ಅಲ್ಲಿ ಕಂಡಕಂಡೋರ ಮಕ್ಕಳ ಜೊತೆ ಕುಂತು ಉಪ್ಪಿಟ್ಟು ತಿಂತೈತೆ!"

"ತಿನ್ಲಿ ಬಿಡ್ರಿ, ಉಪ್ಪಿಟ್ಟಿಗೇನು ಕುಲ ಐತಾ? ನಮ್ಮ ಬಸುರಿ ಸೊಸೆ ಉಪವಾಸ ಇದ್ದಿದ್ದು ನಿಮಗೆ ಕಾಣ್ಲಿಲ್ಲ, ಕೂಸು ಉಪ್ಪಿಟ್ಟು ತಿನ್ನೋದು ಕಾಣ್ತೈತೆ. ಭಾರೀ ಕಣ್ಣು ಬಿಡ್ರಿ ನಿಮ್ಮವು!"

ಅಬ್ಬಾ, ಆ ಬಾಯಿ! ನಾನು ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟು ನಕ್ಕೆ. ಆದರೆ ಪೂಜೆಗೆ ಕೂತರೆ ಮನೆಯ ನಿಶ್ಶಬ್ದಕ್ಕೇ ಎದೆ ಹೊಡೆದುಕೊಂಡಿತು. ಮಗಳು ಅಳುತ್ತಿದ್ದಾಳೋ ಏನೋ, ನಾನೆಂಥ ತಾಯಿ! ಗಡಿಬಿಡಿಯಲ್ಲಿ ಮುಗಿಸಿ ಎದ್ದುಬಿಟ್ಟೆ.

ಅತ್ತೆ ಕುಂಟುತ್ತ ಮರಳಿ ಬಂದರು. "ಆತೇನು ಪೂಜೆ?"

"ಆತತ್ತೆ."

"ಇಷ್ಟು ಬೇಗ?" ಬಾಗಿಲಿಗೆ ಒರಗಿ ಕೂತು ಮಂಡಿ ನೀವಿಕೊಂಡರು. "ನಾನು ಆರು ಮಕ್ಕಳನ್ನ ಸಾಕ್ದೆ ಕಣವ್ವಾ. ಅಷ್ಟೂ ವರ್ಷ ಲಿಂಗಕ್ಕೆ ಹನಿ ನೀರು ತೋರಿಸಿ, ಪೂಜೆ ಆತು ಅಂತ ನಮ್ಮತ್ತೆಗೆ ಸುಳ್ಳು ಹೇಳಿ ಉಂಡೀನಿ. ಒಂದಿನಾನೂ ಸಮಾಧಾನವಾಗಿ ಕಣ್ಣು ಮುಚ್ಚಾಕೆ ಆಗ್ಲಿಲ್ಲ. ನೀನು ನನಗೆ ಸುಳ್ಳು ಹೇಳ್ಬ್ಯಾಡ. ಹೋಗು, ಇನ್ನೊಂದ್ಸಲ ಕುಂತ್ಕ. ಕೂಸು ಆಡ್ಕಂಡು ಐತೆ, ನೋಡೇ ಬಂದೀನಿ."

ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಕೂತೆ, ಕಣ್ಣು ಮುಚ್ಚಿದೆ. ಎಷ್ಟು ಹೊತ್ತಾಯಿತೋ ತಿಳಿಯದು. ಎದ್ದಾಗ ಅತ್ತೆ ತಾವೇ ತಟ್ಟೆ ಹಾಕಿ ರೊಟ್ಟಿ, ಬೆಣ್ಣೆ ಬಡಿಸಿದರು. ಬೆಳಗಿನ ಹೊತ್ತು ಹೊಟ್ಟೆತುಂಬ ಉಂಡೆ. ಉಣ್ಣುವಾಗಲೇ ಒಳಗೆ ಕೂಸು ಜೋರಾಗಿ ಒದೆಯಿತು.

"ಅತ್ತೆ, ಒದೀತೈತೆ" ಎಂದೆ.

"ಒದೀಲಿ ಬಿಡು. ಅದಕ್ಕೂ ಬಾಲವಾಡಿ ಐತೆ, ನನಗೂ ಕಾಲು ಐತೆ."