ಬೆಲ್ಟಿನ ಮೇಲಿನ ಕೆಂಪು ಚುಕ್ಕಿ

ಬೀದರಿನ ಹಳೇ ಊರಿನಲ್ಲಿರುವ ಅಶ್ವಜಿತನ ಗ್ಯಾರೇಜನ್ನು ಜನ ಇವತ್ತಿಗೂ ಹಬೀಬ ಉಸ್ತಾದರ ಗ್ಯಾರೇಜು ಎಂದೇ ಕರೆಯುತ್ತಾರೆ. ಅವನಿಗೆ ಅದರ ಬೇಸರವಿಲ್ಲ. ಭಾಲ್ಕಿಯಲ್ಲಿ ಐಟಿಐ ಮುಗಿಸಿ ಬಂದವನಿಗೆ ಇಂಜಿನ್ನಿನ ಒಳಗನ್ನು ತೋರಿಸಿಕೊಟ್ಟವರು ಉಸ್ತಾದರು. ಅವರು ತೀರಿಕೊಂಡಾಗ ಜನಾಜಾಕ್ಕೆ ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ. ಖಬರಸ್ತಾನದಲ್ಲಿ ಎಲ್ಲರಂತೆ ಮಣ್ಣು ಹಾಕಿ, ಕೈ ತೊಳೆಯದೆ ಬಹಳ ಹೊತ್ತು ನಿಂತಿದ್ದ. ಅದು ಎರಡು ಸಾವಿರದ ಇಪ್ಪತ್ತೊಂದನೇ ಇಸವಿಯ ಚಳಿಗಾಲ.

ಹೋದ ಬೇಸಿಗೆಯಲ್ಲಿ ಸುಮನ ಸಿಸ್ಟರ್ ತಮ್ಮ ಕಾರನ್ನು ಜೀಪಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದರು. ಅವರು ಔರಾದ ಕಡೆ ನರ್ಸು. ಎಕಂಬಾದಲ್ಲಿ ಮಕ್ಕಳಿಗೆ ಲಸಿಕೆ ಹಾಕಿ ವಾಪಸು ಬರುವಾಗ, ಓಡುತ್ತಿದ್ದ ಇಂಜಿನ್ ಒಮ್ಮೆಲೆ ನಿಂತುಬಿಟ್ಟಿತ್ತು.

"ಸಪ್ಪಳ ಏನರ ಬಂತೇನ್ರಿ?" ಅಶ್ವಜಿತ ಕೇಳಿದ.

"ಟಕ್ ಅಂತು, ಅಷ್ಟರಿ ಅಣ್ಣಾ. ಈಗ ಚಾವಿ ತಿರುವಿದ್ರ ಗರಗರ ತಿರಗತದ, ಚಾಲೂ ಆಗಂಗಿಲ್ಲ."

"ಹಗುರ ತಿರಗತದಲ್ಲಾ? ಹಾಂಗಾದ್ರ ಇನ್ನ ಚಾವಿಗೆ ಕೈ ಹಚ್ಚಬ್ಯಾಡ್ರಿ. ತಿರುವಿದಷ್ಟೂ ಒಳಗ ಹೆಚ್ಚು ಹಾಳಾಗತದ."

ಪಿಸ್ಟನ್ ಮೇಲೆ ಬರುವಾಗ ವಾಲ್ವ್ ಮುಚ್ಚಿಕೊಂಡು ದಾರಿ ಬಿಡಬೇಕು. ಆ ಲೆಕ್ಕ ಇಡುವುದು ಕ್ಯಾಮ್, ಕ್ಯಾಮನ್ನು ತಿರುಗಿಸುವುದು ಹಲ್ಲಿರುವ ಒಂದು ರಬ್ಬರ್ ಬೆಲ್ಟು. ಬೆಲ್ಟು ಕೈಕೊಟ್ಟರೆ ವಾಲ್ವ್ ತೆರೆದೇ ನಿಲ್ಲುತ್ತದೆ, ಪಿಸ್ಟನ್ ಬಂದು ಅದಕ್ಕೆ ಗುದ್ದುತ್ತದೆ. ಅಶ್ವಜಿತ ಮುಚ್ಚಳ ಬಿಚ್ಚಿದ. ಅಂದುಕೊಂಡಂತೆಯೇ ಆಗಿತ್ತು. ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರಿನ ಬೇರಿಂಗು ಜಾಮಾಗಿ, ಕಾದು ನೀಲಿಗಟ್ಟಿತ್ತು. ಬೆಲ್ಟಿನ ಹಲ್ಲುಗಳು ಒಂದು ಕಡೆ ಪೂರಾ ಉದುರಿದ್ದವು.

ಬೆಲ್ಟನ್ನು ಹೊರಗೆಳೆದು ಬಟ್ಟೆಯಿಂದ ಒರೆಸಿದಾಗ ಕೆಂಪು ಚುಕ್ಕಿ ಕಂಡಿತು. ಉಗುರುಬಣ್ಣದ್ದು. ಕೆಳಗೆ ಸಣ್ಣ ಬಾಲ.

ಬೆಲ್ಟು ಎಲ್ಲಿ ಕೂಡಬೇಕೆಂದು ತೋರಿಸುವ ಟೈಮಿಂಗ್ ಗುರುತಿಗೆ ಬಾಲದ ಚುಕ್ಕಿ ಇಡುತ್ತಿದ್ದವರು ಹಬೀಬ ಉಸ್ತಾದರು ಮಾತ್ರ. ಬಾಲ ಬೆಲ್ಟು ತಿರುಗುವ ದಿಕ್ಕನ್ನು ತೋರಿಸುತ್ತಿತ್ತು. ಅದನ್ನು ಅವರು ಯಾರಿಗೂ ಕಲಿಸಿರಲಿಲ್ಲ. ನಾಜೂಕಿನ ಕೆಲಸವಿದ್ದರೆ ಸಾಮಾನು ಎತ್ತಿಕೊಂಡು ಗ್ಯಾರೇಜಿನ ಹಿಂದಿದ್ದ ಮನೆಗೆ, ಪರದೆಯ ಆಚೆ ಹೋಗಿ ಮುಗಿಸಿಕೊಂಡು ಬರುತ್ತಿದ್ದರು. ಬೇರೆ ಯಾರಾದರೂ ನೋಡಿ ಕಲಿತಿರಬಹುದು ಎಂದು ಅವನು ತನಗೇ ಸಮಾಧಾನ ಹೇಳಿಕೊಳ್ಳುತ್ತ ಬೆಲ್ಟನ್ನು ತಿರುವಿದ. ಬೆನ್ನಿಗೆ ತಯಾರಾದ ಇಸವಿ ಅಚ್ಚಾಗಿತ್ತು. ಎರಡು ಸಾವಿರದ ಇಪ್ಪತ್ತಮೂರು, ಉಸ್ತಾದರು ಹೋದ ಮೇಲಿನದು.

"ಸಿಸ್ಟರ್, ಈ ಬೆಲ್ಟ್ ಯಾರ ಹಾಕ್ಯಾರ್ರಿ?"

"ಚಿಂತಾಕಿ ಕಡೆ ಹೊಲದಾಗ ಒಂದು ಶೆಡ್ ಅದ ಅಲ್ರಿ, ಅಲ್ಲಿ. ಆವತ್ತ ಕರೆಂಟ್ ಇರಲಿಲ್ಲ, ಒಳಗ ಕತ್ತಲಿ. ಮಿಸ್ತ್ರಿ ಮಾರಿ ನನಗ ಕಾಣಲಿಲ್ಲ. ಖಾಕಿ ಅಂಗಿ, ತಲಿಗೆ ಟವೆಲ್. ಒಂದು ಕಬ್ಬಿಣದ ಸಳಿ ಕಿವಿಗಿ ಹಚ್ಚಿಕೊಂಡು ಇಂಜಿನ್ ಕೇಳಲಿಕ್ಕತ್ತಿದ್ರು. ಚಾಲೂ ಮಾಡೂ ಮೊದಲ ಬಾನೆಟ್ ಮ್ಯಾಲ ಕೈ ಇಟ್ಟು 'ಉಠ್ ಬಾ, ಉಠ್' ಅಂದ್ರು."

ಏಳಪ್ಪಾ, ಏಳು. ಉಸ್ತಾದರು ಪ್ರತಿ ಗಾಡಿಗೂ ಹೇಳುತ್ತಿದ್ದ ಮಾತು ಅದು.

ಸಿಸ್ಟರ್ ಹೋದ ಮೇಲೆ ಅವನು ಪಿಸ್ಟನ್‌ಗಳನ್ನು ನಡುಮಟ್ಟಕ್ಕೆ ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಒಂದೊಂದೇ ಸಿಲಿಂಡರಿಗೆ ಹವಾ ತುಂಬಿ ಕಿವಿಗೊಟ್ಟ. ವಾಲ್ವ್ ಸೊಟ್ಟಗಾಗಿದ್ದರೆ ಹವಾ ಎಲ್ಲಿಂದ ಸೋರುತ್ತದೆ ಎಂಬುದರ ಮೇಲೆ ಯಾವುದೆಂದು ತಿಳಿಯುತ್ತದೆ. ಮೊದಲನೆಯದು ಏರ್ ಫಿಲ್ಟರಿನ ಕಡೆ ಸುಂಯ್ ಎಂದಿತು. ಎರಡನೆಯದು ಹಿಂದಿನ ಸೈಲೆನ್ಸರಿನಿಂದ ಉದ್ದಕ್ಕೆ, ನಿದ್ದೆಹೋದ ಮುದುಕನ ಉಸಿರಿನ ಹಾಗೆ ಹೊರಬಂತು. ಸಾವಿರ ಸಲ ಕೇಳಿದ ಸಪ್ಪಳವೇ ಅದು. ಆದರೂ ಆ ಮಟಮಟ ಮಧ್ಯಾಹ್ನದಲ್ಲಿ ಅವನ ತೋಳಿನ ಕೂದಲು ನೆಟ್ಟಗಾದವು. ಹವಾ ಬಂದ್ ಮಾಡಿದ. ಉಸಿರು ನಿಲ್ಲಲು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ತೆಗೆದುಕೊಂಡಿತು ಎಂದು ಅವನಿಗೆ ಅನಿಸಿತು.

ಮರುದಿನ ಅವನು ಬೈಕು ಹತ್ತಿ ಚಿಂತಾಕಿಗೆ ಹೋದ. ಊರ ಹೊರಗೆ ರಸ್ತೆಗೆ ಅಂಟಿಕೊಂಡೇ ತಗಡಿನ ಶೆಡ್ಡು ಸಿಕ್ಕಿತು. ಸುತ್ತ ಕುಯಿಲಾದ ತೊಗರಿ ಹೊಲ, ಮನುಷ್ಯರ ಸುಳಿವಿಲ್ಲ. ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟಿತ್ತು. ಸರಿಸಿ ನೋಡಿದ. ಒಳಗಿನ ಮಬ್ಬಿನಲ್ಲಿ ಖಾಕಿ ಅಂಗಿಯ ಬೆನ್ನೊಂದು ಬಾಗಿತ್ತು. ಹೆಗಲಿನ ಹತ್ತಿರ ಸುಟ್ಟ ತೂತು. ಉಸ್ತಾದರ ಅಂಗಿಗೆ ವೆಲ್ಡಿಂಗ್ ಕಿಡಿಯಿಂದ ಆ ತೂತು ಬಿದ್ದ ದಿನ ಅಶ್ವಜಿತ ಪಕ್ಕದಲ್ಲೇ ಇದ್ದ.

"ಟೆನ್ಷನರ್ ಹೋತಲ್ಲಾ, ಅಶ್ವಜಿತ?" ತಿರುಗಿ ನೋಡದೆಯೇ ಕೇಳಿತು ಒಂದು ಒಡಕು ದನಿ.

ಆ ಆಕೃತಿ ತಿರುಗಿತು. ಮಹಮೂದಾ ಬೇಗಂ. ಉಸ್ತಾದರ ಹೆಂಡತಿ.

"ಚಾಚಿ!" ಅವನು ಗೋಣಿತಟ್ಟು ಬಿಟ್ಟು ಒಳಗೆ ಬಂದ.

ಚಾಚಿ ನೀರು ಕೊಟ್ಟರು. ಗಂಡ ಹೋದ ಮೇಲೆ ತವರಿಗೆ ಹೋದರೆಂದಷ್ಟೇ ಅವನಿಗೆ ಗೊತ್ತಿತ್ತು. ತವರಿನವರ ಹೊಲದಲ್ಲಿ ಶೆಡ್ಡು ಹಾಕಿಕೊಂಡಿದ್ದು ಗೊತ್ತಿರಲಿಲ್ಲ.

"ನಾ ಬಂದದ್ದು ಹ್ಯಾಂಗ ತಿಳೀತು?"

"ನಿನ್ನ ಬೈಕಿನ ಚೈನ್ ಮೊದಲಿಂದ ಹಾಂಗೇ ಬಡೀತದ, ಬಿಗಿ ಮಾಡಂದ್ರ ಮಾಡಂಗಿಲ್ಲ. ಆ ನರ್ಸ್ ಬಾಯಿ ಗಾಡಿ ಹೋದ ವಾರ ಈ ರಸ್ತಾದಾಗ ಚೀಂವ್ ಚೀಂವ್ ಅಂತ ಹೋತು. ನಾ ಹೊರಗ ಬರೂದ್ರಾಗ ದಾಟಿಬಿಟ್ಟಿತ್ತು. ಹೊಸ ಟೆನ್ಷನರ್ ಆವತ್ತ ಸಿಗಲಿಲ್ಲ ಬೇಟಾ, ಹಳೇದೇ ಕೂಡಿಸಿದ್ದೆ. ತಿಂಗಳದಾಗ ಬಾ ಅಂದಿದ್ದೆ. ಆಕಿ ಮರತಳು."

"ಮತ್ತ ಚುಕ್ಕಿ, ಚಾಚಿ? ಅದು ಉಸ್ತಾದರದು."

ಚಾಚಿ ನಕ್ಕರು. "ನಿಮ್ಮ ಉಸ್ತಾದರ ಹತ್ತಿರ ಉಗುರುಬಣ್ಣ ಎಲ್ಲಿಂದ ಬರಬೇಕು? ಅವರ ಕಣ್ಣು ಮೊದಲೇ ಮಂಜಾಗಿತ್ತು. ಚುಕ್ಕಿ ನಂದೇ, ವಾಲ್ವ್ ಉಜ್ಜೂದೂ ನಂದೇ. ಅವರು ಪಕ್ಕದಾಗ ಕೂತು ಹೇಳತಿದ್ರು, ನಾ ಮಾಡತಿದ್ದೆ."

"ಈ ಅಂಗಿ?"

"ಸೀರಿ ಉಟ್ಟುಕೊಂಡು ಗಾಡಿ ಕೆಳಗ ಹೋಗಲಿಕ್ಕ ಆಗತದೇನು? ಇವು ಗಟ್ಟಿ ಅವ."

ಅಶ್ವಜಿತನ ಎದೆ ಹಗುರಾಯಿತು. ಆಗ ಚಾಚಿ, ಅಡುಗೆಯ ಮಾತಾಡುವಷ್ಟೇ ಸಹಜವಾಗಿ, "ಈಗೂ ಹೇಳತಾರ" ಎಂದರು.

ಆ ಗಾಡಿಯ ಕೆಲಸ ತಮ್ಮದು, ತಾವೇ ಕೂಡಿಸಿಕೊಡುವುದಾಗಿ ಹೇಳಿ ಚಾಚಿ ಬೀದರಿಗೆ ಬಂದರು. ಇಬ್ಬರೂ ಸೇರಿ ವಾಲ್ವ್‌ಗಳಿರುವ ಇಂಜಿನ್ನಿನ ಮೇಲ್ಭಾಗವನ್ನು, ಅಂದರೆ ಹೆಡ್ಡನ್ನು, ಇಳಿಸಿದರು. ಪಿಸ್ಟನ್‌ಗಳ ತಲೆಯ ಮೇಲೆ ಉಗುರಿನ ಗುರುತಿನಂಥ ಗಾಯಗಳಿದ್ದವು. ಚಾಚಿ ಅವುಗಳ ಮೇಲೆ ಬೆರಳಾಡಿಸಿ, ಬಿರುಕಿಲ್ಲ ಎಂದರು. ಸೊಟ್ಟಗಾದ ವಾಲ್ವ್‌ಗಳನ್ನು ಬದಲಿಸಿ, ಹೊಸವನ್ನು ಉಜ್ಜಿ ಬಿಗಿಯಾಗಿ ಕೂಡಿಸಿ, ಸೋರುತ್ತದೇನೋ ನೋಡಲು ಮೇಲೆ ಪೆಟ್ರೋಲ್ ಸುರಿದು ಬಿಟ್ಟರು. ಊಟ ಮಾಡಿ ಬಂದಾಗಲೂ ಒಂದು ಹನಿ ಇಳಿದಿರಲಿಲ್ಲ.

ಹೊಸ ಟೆನ್ಷನರ್, ಹೊಸ ಬೆಲ್ಟು. ಗುರುತುಗಳನ್ನು ಹೊಂದಿಸಿ ಬೆಲ್ಟು ಏರಿಸಿದವನು ಅಶ್ವಜಿತ. ಚಾಚಿ ಇಂಜಿನ್ನಿಗೆ ಬೆನ್ನು ಮಾಡಿ ಕೈ ಒರೆಸಿಕೊಳ್ಳುತ್ತಿದ್ದರು. ಒಮ್ಮೆಲೆ ಅವರ ಕೈ ನಿಂತಿತು. ಮುಖ ಗೋಡೆಯ ಕಡೆಗೆ ಹೊರಳಿತು. ಅಲ್ಲಿ ಖಾಲಿ ಸ್ಟೂಲೊಂದು ಇತ್ತು.

"ತಡಿ. ಒಂದು ಹಲ್ಲು ಮುಂದ ಹೋಗ್ಯದಂತ."

"ಚಾಚಿ, ನೀವು ಈ ಕಡೆ ನೋಡೇ ಇಲ್ಲ."

"ನಾ ಎಲ್ಲಿ ನೋಡೇನಿ?"

ಅವನು ಇಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ಗುರುತು ನೋಡಿದ. ಒಂದು ಹಲ್ಲಿನಷ್ಟು ತಪ್ಪಿತ್ತು. ಹೀಗೆ ತಿರುಗಿಸಿ ನೋಡುವುದು ಹೇಗೂ ಮಾಡುವ ಕೆಲಸವೇ, ತಪ್ಪು ಆಗ ಸಿಕ್ಕೇ ಸಿಗುತ್ತಿತ್ತು. ಆದರೆ ತಿರುಗಿಸುವ ಮೊದಲು ಅದು ಯಾರಿಗೂ ಕಾಣುವಂತಿರಲಿಲ್ಲ. ಅವನು ಬೆಲ್ಟು ಸಡಿಲಿಸಿ ಮತ್ತೆ ಕೂಡಿಸಿದ. ಕೆಲಸ ಮುಗಿಯುವವರೆಗೂ ಗೋಡೆಯ ಕಡೆ ತಿರುಗಲಿಲ್ಲ.

ಸುಮನ ಸಿಸ್ಟರ್ ಬಂದಾಗ ಇಂಜಿನ್ ಮೊದಲ ಚಾವಿಗೇ ಚಾಲೂ ಆಯಿತು. ಖಾಕಿ ಅಂಗಿಯ ಹೆಂಗಸನ್ನು ನೋಡಿ ಅವರು ಬಾಯಿಗೆ ಕೈ ಇಟ್ಟುಕೊಂಡರು. "ಆವತ್ತ ಕೆಲಸ ಮಾಡಿದವರು ಇವರೇನ್ರಿ? ಮತ್ತ ಮೂಲ್ಯಾಗ ಕೂತು ಕೆಮ್ಮತಿದ್ದವರು ಯಾರರಿ?"

ಅಶ್ವಜಿತ ಚಾಚಿಯ ಕಡೆ ನೋಡಿದ. ಅವರು ನಟ್ಟು ತಿರುವುವ ಪಾನಾಗಳನ್ನು ಆರಿಸಿ ಚೀಲಕ್ಕೆ ಹಾಕುತ್ತಿದ್ದರು.

ಬೀದರಿನಲ್ಲೇ ಇರಿ ಎಂದರೂ ಚಾಚಿ ಉಳಿಯಲಿಲ್ಲ, ಸಂಜೆ ಬಸ್ಸಿಗೆ ಚಿಂತಾಕಿಗೆ ಹೋದರು. ಈಗ ವಾಲ್ವಿನ ನಾಜೂಕು ಕೆಲಸ ಬಂದರೆ ಅಶ್ವಜಿತ ಹೆಡ್ಡನ್ನು ಗೋಣಿಚೀಲದಲ್ಲಿ ಕಟ್ಟಿ ಬೈಕಿಗೆ ಬಿಗಿದು ಅಲ್ಲಿಗೆ ಒಯ್ಯುತ್ತಾನೆ. ಭಾಲ್ಕಿಯಲ್ಲಿರುವ ಅವನ ತಾಯಿಗೆ ಇದು ಸೇರುವುದಿಲ್ಲ, ಆ ಶೆಡ್ಡಿನ ಸುದ್ದಿ ಅವರಿಗೂ ಮುಟ್ಟಿದೆ. ಅವನು ವಾದಕ್ಕೆ ನಿಲ್ಲುವುದಿಲ್ಲ, ಹೋಗುವುದನ್ನೂ ಬಿಟ್ಟಿಲ್ಲ.

ಕೆಲವು ಸಲ ಶೆಡ್ಡಿನ ಒಳಗೆ ಚಾಚಿ ಮಾತಾಡುತ್ತಿರುತ್ತಾರೆ. ಒಂದು ಮಾತು ಆಡಿ, ಉತ್ತರಕ್ಕೆ ಬೇಕಾದಷ್ಟು ಹೊತ್ತು ಸುಮ್ಮನಾಗಿ, ಮತ್ತೆ ಶುರು ಮಾಡುತ್ತಾರೆ. ಆಗ ಅವನು ಗೋಣಿತಟ್ಟು ಸರಿಸುವುದಿಲ್ಲ. ಹೊಲದ ಬದುವಿನ ಮೇಲೆ ಹೆಡ್ ಇಳಿಸಿಕೊಂಡು, ಒಳಗೆ ಮಾತು ಮುಗಿಯುವ ತನಕ ಬಿಸಿಲಲ್ಲೇ ಕೂತಿರುತ್ತಾನೆ.